ಅಜ್ಜಿ ಹರಸುವ ಚಾರ್ಲಿ, ಸಹೋದ್ಯೋಗಿ ಬೈಯುವ ಚಾರ್ಲಿ

ಪ್ರಶ್ನೆ: ಡಬ್ಲಿನ್‌ಗೆ ಬಂದು ಎರಡು ವರ್ಷ ಆಯಿತು. ನಗರದ ಉತ್ತರ ಭಾಗದಲ್ಲಿ ಮನೆ. ಪಕ್ಕದ ಮನೆಯ ಅಜ್ಜಿ ಬಸ್ಸಿನಲ್ಲಿ ಪಾಸ್ ತೋರಿಸುವಾಗಲೆಲ್ಲ ‘ಇದು ನಮ್ಮ ಚಾರ್ಲಿ ಕೊಟ್ಟದ್ದು’ ಎನ್ನುತ್ತಾರೆ. ಆಫೀಸಿನಲ್ಲಿ ಅದೇ ಹೆಸರು ಎತ್ತಿದೆ. 60ರ ಹತ್ತಿರ ಇರುವ ಸಹೋದ್ಯೋಗಿಯೊಬ್ಬರು ಸಿಟ್ಟಾಗಿಬಿಟ್ಟರು, ‘ಆ ಕಳ್ಳನ ಹೆಸರು ತೆಗೀಬೇಡ’ ಅಂದರು. ಯಾರು ಈ ಚಾರ್ಲ್ಸ್ ಹಾಹಿ? ಅಷ್ಟು ಕಾಲ ಹೇಗೆ ಉಳಿದರು? ಕೊನೆಗೆ ಬಿದ್ದದ್ದು ಹೇಗೆ?

ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಜಾಸ್ತಿ ಜನ ಎಡವುವುದು ಅಲ್ಲೇ. ಹಾಹಿ ಎರಡು ಸಲ ಬಿದ್ದರು. 1992ರಲ್ಲಿ ಐರ್ಲೆಂಡಿನ ಪ್ರಧಾನಿ ಕುರ್ಚಿ ಹೋಯಿತು. ಅದಕ್ಕೆ ಕಾರಣ ಹತ್ತು ವರ್ಷ ಹಳೆಯದಾದ ಒಂದು ಫೋನ್ ಕದ್ದಾಲಿಕೆ. 1997ರಲ್ಲಿ ಮರ್ಯಾದೆ ಹೋಯಿತು. ಅದಕ್ಕೆ ಕಾರಣ ದುಡ್ಡು. ನಡುವಿನ ಐದು ವರ್ಷ ಅವರು ತಮ್ಮ ಬಂಗಲೆಯಲ್ಲಿ ಆರಾಮಾಗಿ, ನಿವೃತ್ತ ಪ್ರಧಾನಿಯ ಗೌರವದಲ್ಲಿ ಇದ್ದರು. ಆ ಬಂಗಲೆಗೆ, ಕುದುರೆಗಳಿಗೆ, ದೋಣಿಗೆ, ಸಮುದ್ರದ ಮಧ್ಯೆ ಇದ್ದ ಸ್ವಂತ ದ್ವೀಪಕ್ಕೆ ದುಡ್ಡು ಎಲ್ಲಿಂದ ಬಂತು ಎಂಬ ಅನುಮಾನ ಆ ದೇಶದಲ್ಲಿ ಸುಮಾರು ಮೂವತ್ತು ವರ್ಷ ಇತ್ತು. ಪಿಸುಮಾತಿನಲ್ಲಿ ಎಲ್ಲರೂ ಕೇಳಿದರು. ಉತ್ತರ ಸಿಗುವ ತನಕ ಪಟ್ಟು ಹಿಡಿಯುವ ಅಧಿಕಾರ ಇದ್ದವರು ಕೇಳಲಿಲ್ಲ. ನಾನು ಐರ್ಲೆಂಡಿನ ರಾಜಕೀಯ ಚರಿತ್ರೆಯನ್ನು ಬಹಳ ವರ್ಷ ಪಾಠ ಮಾಡಿದವನು. ಈ ಕಥೆ ಹೇಳುವಾಗ ಪ್ರತಿಸಲವೂ ನನ್ನ ಸಿಟ್ಟು ಹಾಹಿಯ ಮೇಲೆ ಎಷ್ಟೋ, ಆ ಸುಮ್ಮನಿದ್ದವರ ಮೇಲೂ ಅಷ್ಟೇ.

ಒಂದೆರಡು ಪದ ಮೊದಲು ಹೇಳಿಬಿಡುತ್ತೇನೆ. ಅಲ್ಲಿ ಪ್ರಧಾನಿಯನ್ನು ‘ಟೀಶಕ್’ ಎನ್ನುತ್ತಾರೆ, ಸಂಸತ್ತಿನ ಕೆಳಮನೆಯನ್ನು ‘ಡಾಲ್’ ಎನ್ನುತ್ತಾರೆ. ಹಾಹಿಯ ಪಕ್ಷ ಫಿಯಾನ ಫಾಲ್. ಎದುರಾಳಿ ಫಿನ ಗೇಲ್. ಇಷ್ಟು ಗೊತ್ತಿದ್ದರೆ ಸಾಕು.

ಹಾಹಿ ಹುಟ್ಟಿದ್ದು 1925ರಲ್ಲಿ, ಪಶ್ಚಿಮದ ಮೇಯೋ ಜಿಲ್ಲೆಯ ಕಾಸಲ್‌ಬಾರ್‌ನಲ್ಲಿ. ಏಳು ಮಕ್ಕಳ ಮನೆ. ಅಪ್ಪ ಬ್ರಿಟಿಷರ ವಿರುದ್ಧ ಹೋರಾಡಿದವರು, ಆಮೇಲೆ ಹೊಸ ದೇಶದ ಸೈನ್ಯದಲ್ಲಿ ಅಧಿಕಾರಿ. ಸೈನ್ಯ ಬಿಟ್ಟ ಮೇಲೆ ಕೃಷಿ ಮಾಡಿದರು, ಕಾಯಿಲೆ ಬಿತ್ತು, ಜಮೀನು ಹೋಯಿತು, ಸಂಸಾರ ಉತ್ತರ ಡಬ್ಲಿನ್‌ನ ಡಾನಿಕಾರ್ನಿಯ ಪುಟ್ಟ ಮನೆಗೆ ಬಂತು. ಹುಡುಗ ಸ್ಕಾಲರ್‌ಶಿಪ್ ಮೇಲೆ ಓದಿದ. ಕಾಮರ್ಸ್ ಪದವಿ ಪಡೆದು ಅಕೌಂಟೆಂಟ್ ಆದ, ಬ್ಯಾರಿಸ್ಟರ್ ಪರೀಕ್ಷೆಯನ್ನೂ ಪಾಸು ಮಾಡಿದ. 1951ರಲ್ಲಿ ಮೊರೀನ್ ಲಮಾಸ್ ಅವರನ್ನು ಮದುವೆಯಾದ. ಆಕೆಯ ಅಪ್ಪ ಶಾನ್ ಲಮಾಸ್, ಮುಂದೆ 1959ರಲ್ಲಿ ಪ್ರಧಾನಿಯಾದವರು. ಮಾವನ ಬಲದಿಂದಲೇ ಎಲ್ಲ ಸಲೀಸಾಗಿ ಸಿಕ್ಕಿತು ಅಂದುಕೊಳ್ಳಬೇಡಿ. ಡಾಲ್‌ಗೆ ಹೋಗಲು ಮೂರು ಸಲ ನಿಂತು ಸೋತು, ನಾಲ್ಕನೇ ಸಲ, 1957ರಲ್ಲಿ ಗೆದ್ದ. ಅಲ್ಲಿಂದ 1992ರ ತನಕ, 35 ವರ್ಷ, ಆ ಭಾಗದ ಜನ ಅವರನ್ನು ಬಿಡಲೇ ಇಲ್ಲ.

ಈಗ ನಿಮ್ಮ ಅಜ್ಜಿಯ ಪಾಸಿಗೆ ಬರುತ್ತೇನೆ. ಇದನ್ನು ಬೇಗ ದಾಟಿ ಹೋಗಬಾರದು, ಯಾಕೆಂದರೆ ಹಾಹಿಯನ್ನು ಬರೀ ಕಳ್ಳ ಅಂದುಬಿಟ್ಟರೆ ಆ ದೇಶದ ಅರ್ಧ ಜನ ಯಾಕೆ ಅವರನ್ನು ಪ್ರೀತಿಸಿದರು ಎಂಬುದು ಅರ್ಥವಾಗುವುದೇ ಇಲ್ಲ. 1961ರಿಂದ ಅವರು ಕಾನೂನು ಮಂತ್ರಿ. ಆಗಿನ ಐರ್ಲೆಂಡಿನಲ್ಲಿ ಗಂಡ ಸಾಯುವ ಮುಂಚೆ ಉಯಿಲು ಬರೆದು ಮನೆ, ಹೊಲ ಎಲ್ಲವನ್ನೂ ಬೇರೆಯವರಿಗೆ ಕೊಟ್ಟುಬಿಡಬಹುದಿತ್ತು, ಹೆಂಡತಿ ಏನೂ ಕೇಳುವಂತಿರಲಿಲ್ಲ. ಬದುಕೆಲ್ಲ ಹೊಲದಲ್ಲಿ ದುಡಿದ ಹೆಂಗಸು ಬೀದಿಗೆ ಬರುತ್ತಿದ್ದಳು. ಅದನ್ನು ನಿಲ್ಲಿಸುವ ಕಾನೂನಿನ ಕೆಲಸ ಶುರುವಾದದ್ದು ಹಾಹಿಯ ಕಾಲದಲ್ಲಿ, 1965ರಲ್ಲಿ ಅದು ಪಾಸಾಯಿತು. ಮಕ್ಕಳಿದ್ದರೆ ವಿಧವೆಗೆ ಮೂರರಲ್ಲಿ ಒಂದು ಪಾಲು, ಇಲ್ಲದಿದ್ದರೆ ಅರ್ಧ. ಗಂಡ ಏನೇ ಬರೆದಿಟ್ಟಿರಲಿ, ಆ ಪಾಲನ್ನು ಕಿತ್ತುಕೊಳ್ಳುವಂತಿಲ್ಲ. ಎಷ್ಟೋ ರೈತ ಮಹಿಳೆಯರ ಬದುಕು ಇದರಿಂದ ಬದಲಾಯಿತು.

1966ರಲ್ಲಿ ಹಣಕಾಸು ಖಾತೆ ಸಿಕ್ಕಿತು. ಮರುವರ್ಷ ವಯಸ್ಸಾದ ಪಿಂಚಣಿದಾರರಿಗೆ ಉಚಿತ ಬಸ್ಸು ಮತ್ತು ರೈಲು. ವಿದ್ಯುತ್ ಬಿಲ್ಲಿನಲ್ಲೂ ರಿಯಾಯಿತಿ. ಖರ್ಚು ಅಷ್ಟೇನೂ ಇರಲಿಲ್ಲ, ಯಾಕೆಂದರೆ ಬಸ್ಸು, ರೈಲು ಹೇಗಿದ್ದರೂ ಓಡುತ್ತಿದ್ದವು, ಜನ ಕಡಿಮೆ ಇರುವ ಹೊತ್ತಿನಲ್ಲಿ ಖಾಲಿ ಸೀಟೂ ಇರುತ್ತಿತ್ತು. ಆದರೆ ಮೂಲೆಯ ಹಳ್ಳಿಯಲ್ಲಿ ಒಂಟಿಯಾಗಿ ಕೂತಿದ್ದ ಮುದುಕಿಗೆ ಡಬ್ಲಿನ್‌ನಲ್ಲಿರುವ ಮಗಳ ಮನೆಗೆ ಹೋಗಿ ಬರುವ ದಾರಿ ತೆರೆಯಿತು. ಬಿಸಿಲು ಬಿದ್ದ ದಿನ ಸಮುದ್ರ ನೋಡಿ ಬರಬಹುದು. ಜನ ಇಂಥದ್ದನ್ನು ಮರೆಯುವುದಿಲ್ಲ. 1969ರಲ್ಲಿ ಬರಹಗಾರರು, ಚಿತ್ರಕಾರರು, ಸಂಗೀತ ರಚಿಸುವವರಿಗೆ ಅವರ ಕೃತಿಗಳ ಸಂಪಾದನೆ ಮೇಲೆ ಆದಾಯ ತೆರಿಗೆ ಬಿಟ್ಟುಕೊಟ್ಟದ್ದೂ ಅವರೇ. ಹಾಹಿಗೆ ಮಂತ್ರಿಯಾಗಿ ನಿಜವಾದ ಕಲ್ಪನಾಶಕ್ತಿ ಇತ್ತು. ನಾನು ಇದನ್ನು ಪೂರ್ತಿ ಮನಸ್ಸಿನಿಂದ ಹೇಳುತ್ತೇನೆ.

ಅದೇ 1969ರಲ್ಲಿ ಅವರು ಕಿನ್ಸೀಲಿಯ ಆ್ಯಬಿವಿಲ್ ಎಂಬ ಬಂಗಲೆ ಕೊಂಡರು. ನಿಮ್ಮ ಕಡೆಯಿಂದ ಮಲಹೈಡ್‌ಗೆ ಹೋಗುವಾಗ ಆ ಊರು ಸಿಗುತ್ತದೆ. ಡಬ್ಲಿನ್‌ನ ನದಿ ದಂಡೆಯಲ್ಲಿರುವ ಕಸ್ಟಮ್ ಹೌಸ್ ಕಟ್ಟಿದ ಜೇಮ್ಸ್ ಗ್ಯಾಂಡನ್ ಎಂಬ ಶಿಲ್ಪಿಯ ಕೈ ಸೋಕಿದ ಮನೆ, ಸುತ್ತ ಸುಮಾರು 250 ಎಕರೆ. 1974ರಲ್ಲಿ ಕೆರಿ ಜಿಲ್ಲೆಯ ಕಡಲಾಚೆ ಇನಿಶ್‌ವಿಕಿಲಾನ್ ಎಂಬ ದ್ವೀಪ ಕೊಂಡರು. ಡಾನಿಕಾರ್ನಿಯ ಪುಟ್ಟ ಮನೆಯ ಹುಡುಗ ಹಳೆಯ ಜಮೀನ್ದಾರರ ಹಾಗೆ ಕುದುರೆ ಹತ್ತಿ ಬೇಟೆಗೆ ಹೋಗುತ್ತಿದ್ದ. ಕೆಲವರಿಗೆ ಇದು ಹೆಮ್ಮೆ, ನಮ್ಮವನೊಬ್ಬ ಅವರ ಮನೆಯಲ್ಲಿ ಕೂತಿದ್ದಾನೆ ಅಂತ. ಮಂತ್ರಿಯ ಸಂಬಳ ಎಷ್ಟು ಎಂಬುದು ಎಲ್ಲರಿಗೂ ಗೊತ್ತಿತ್ತು. ಲೆಕ್ಕ ಹಾಕಲು ಅಕೌಂಟೆಂಟ್ ಆಗಬೇಕಿರಲಿಲ್ಲ.

1970ರಲ್ಲಿ ಮೊದಲ ದೊಡ್ಡ ಏಟು ಬಿತ್ತು. ಹಿಂದಿನ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಡೆರಿ, ಬೆಲ್‌ಫಾಸ್ಟ್‌ನಲ್ಲಿ ಗಲಭೆ ಎದ್ದು ಕ್ಯಾಥೊಲಿಕ್ ಜನರ ಮನೆಗಳು ಸುಟ್ಟು ಹೋಗಿದ್ದವು. ಸರ್ಕಾರ ಪರಿಹಾರಕ್ಕೆ 1 ಲಕ್ಷ ಪೌಂಡ್ ತೆಗೆದಿಟ್ಟಿತು, ಅದರ ಹೊಣೆ ಹಣಕಾಸು ಮಂತ್ರಿ ಹಾಹಿಯದು. ಅದರಲ್ಲಿ ಸ್ವಲ್ಪ ಹಣ ಗುಟ್ಟಾಗಿ ಬಂದೂಕು ಕೊಳ್ಳಲು ಹೋಯಿತು ಎಂಬ ಸುದ್ದಿ ಹೊರಬಿತ್ತು. ಮೇ 6ರಂದು ಪ್ರಧಾನಿ ಜಾಕ್ ಲಿಂಚ್ ಅವರು ಹಾಹಿಯನ್ನೂ ನೀಲ್ ಬ್ಲೇನಿ ಎಂಬ ಇನ್ನೊಬ್ಬ ಮಂತ್ರಿಯನ್ನೂ ಸಂಪುಟದಿಂದ ತೆಗೆದರು. ಮೊಕದ್ದಮೆ ನಡೆಯಿತು. ಅಕ್ಟೋಬರ್‌ನಲ್ಲಿ ಹಾಹಿ ಖುಲಾಸೆಯಾದರು. ಹೊರಬಂದವರೇ, ಇದಕ್ಕೆಲ್ಲ ಕಾರಣರಾದವರು ಮರ್ಯಾದೆಯಾಗಿ ಜಾಗ ಬಿಡಲಿ ಎನ್ನುವ ಅರ್ಥದ ಮಾತಾಡಿದರು. ಲಿಂಚ್ ಅಲುಗಾಡಲಿಲ್ಲ. ಕೆಲವೇ ವಾರದಲ್ಲಿ ಹಾಹಿ ಅದೇ ಲಿಂಚ್ ಸರ್ಕಾರದ ಪರವಾಗಿ ಡಾಲ್‌ನಲ್ಲಿ ಮತ ಹಾಕಿದರು.

ಇಲ್ಲಿ ಸ್ವಲ್ಪ ನಿಲ್ಲಿ. ಬ್ಲೇನಿ ತಮ್ಮ ಹಟ ಬಿಡದೆ ಪಕ್ಷದಿಂದ ಹೊರಬಿದ್ದರು, ಮತ್ತೆ ಎಂದೂ ಮಂತ್ರಿಯಾಗಲಿಲ್ಲ. ಹಾಹಿ ಹಲ್ಲು ಕಚ್ಚಿ ಒಳಗೇ ಉಳಿದರು. ಅಷ್ಟು ವರ್ಷ ಹೇಗೆ ಉಳಿದರು ಅಂತ ಕೇಳಿದಿರಲ್ಲ, ಅದರ ದೊಡ್ಡ ಪಾಲು ಈ ಆಯ್ಕೆಯಲ್ಲಿದೆ. ಮುಂದಿನ ಐದು ವರ್ಷ ಅವರು ಊರೂರು ತಿರುಗಿದರು. ಯಾವ ಸಣ್ಣ ಊರಿನ ಪಕ್ಷದ ಊಟಕ್ಕೆ ಕರೆದರೂ ಹೋಗುವುದು, ಒಣಗಿದ ಕೋಳಿ ತಿನ್ನುವುದು, ಭಾಷಣ ಮಾಡುವುದು, ಸ್ಥಳೀಯ ಕಾರ್ಯಕರ್ತನ ಹೆಸರು, ಅವನ ಮಕ್ಕಳ ಹೆಸರು ನೆನಪಿಟ್ಟುಕೊಳ್ಳುವುದು. ಡಬ್ಲಿನ್‌ನ ದೊಡ್ಡವರು ಅವರನ್ನು ಮುಗಿದ ಅಧ್ಯಾಯ ಎನ್ನುತ್ತಿದ್ದಾಗ ತಳಮಟ್ಟದಲ್ಲಿ ಪಕ್ಷ ಅವರದಾಗುತ್ತಿತ್ತು.

1977ರಲ್ಲಿ ಆರೋಗ್ಯ ಮಂತ್ರಿಯಾಗಿ ಮತ್ತೆ ಸಂಪುಟಕ್ಕೆ ಬಂದರು. ಶಾಲಾ ಮಕ್ಕಳಿಗೆ ಹಲ್ಲುಜ್ಜುವ ಬ್ರಷ್ ಹಂಚಿದರು. ಈಗಲೂ ಆ ವಯಸ್ಸಿನವರು ಅದನ್ನು ನೆನೆಯುತ್ತಾರೆ. ಗರ್ಭನಿರೋಧಕಗಳನ್ನು ಡಾಕ್ಟರ್ ಚೀಟಿ ಇದ್ದರೆ ಮಾತ್ರ ಕೊಡಬಹುದು ಎಂಬ 1979ರ ಕಾನೂನೂ ಅವರದೇ. ಇದು ‘ಐರಿಷ್ ಸಮಸ್ಯೆಗೆ ಐರಿಷ್ ಪರಿಹಾರ’ ಅಂದರು. ಆ ಮಾತು ಇವತ್ತಿಗೂ ಅಲ್ಲಿ ಗಾದೆಯ ಹಾಗೆ ಓಡಾಡುತ್ತಿದೆ. ಆ ವರ್ಷದ ಡಿಸೆಂಬರ್‌ನಲ್ಲಿ ಲಿಂಚ್ ಕೆಳಗಿಳಿದರು. ಸಂಪುಟದ ಹೆಚ್ಚಿನವರು ಹಾಹಿಯ ಎದುರು ನಿಂತ ಮಂತ್ರಿ ಜಾರ್ಜ್ ಕಾಲಿ ಪರ ಇದ್ದರು. ಹಿಂದಿನ ಸಾಲಿನ ಸದಸ್ಯರು ಹಾಹಿಯನ್ನು ಗೆಲ್ಲಿಸಿದರು, 44ಕ್ಕೆ 38. ಆ ಒಣ ಕೋಳಿ ಊಟಗಳು ಫಲ ಕೊಟ್ಟವು.

ಈಗ ಬರುವುದು ನನಗೆ ಹೇಳಲು ಕಷ್ಟವಾಗುವ ಭಾಗ.

1980ರ ಜನವರಿ 9, ರಾತ್ರಿ. ಹೊಸ ಪ್ರಧಾನಿ ಟಿವಿಯಲ್ಲಿ ಬಂದು ದೇಶಕ್ಕೆ ಮಾತಾಡಿದರು. ನಾವು ಒಂದು ಸಮುದಾಯವಾಗಿ ನಮ್ಮ ಶಕ್ತಿ ಮೀರಿ ಬದುಕುತ್ತಿದ್ದೇವೆ, ದುಡಿದದ್ದಕ್ಕಿಂತ ಜಾಸ್ತಿ ಖರ್ಚು ಮಾಡುತ್ತಿದ್ದೇವೆ, ಕೈ ಬಿಗಿ ಹಿಡಿಯಬೇಕು ಅಂದರು. ಲೆಕ್ಕದ ಮಟ್ಟಿಗೆ ಅವರು ಹೇಳಿದ್ದು ನಿಜವೇ, ದೇಶದ ಸಾಲ ಏರುತ್ತಿತ್ತು. ಎರಡೇ ವಾರದಲ್ಲಿ ಸಂಬಳದಲ್ಲೇ ತೆರಿಗೆ ಕಡಿತವಾಗುವ ಲಕ್ಷಗಟ್ಟಲೆ ಕೆಲಸಗಾರರು, ದೇಶದ ಭಾರವೆಲ್ಲ ನಮ್ಮ ಮೇಲೇ ಯಾಕೆ ಅಂತ ಬೀದಿಗಿಳಿದರು.

ಆ ರಾತ್ರಿ ಕ್ಯಾಮೆರಾ ಮುಂದೆ ಕೂತಿದ್ದ ಮನುಷ್ಯನ ಸ್ವಂತ ಸಾಲ ಏನಿತ್ತು ಎಂಬುದು ಜನರಿಗೆ ತಿಳಿಯಲು ಹತ್ತೊಂಬತ್ತು ವರ್ಷ ಬೇಕಾಯಿತು. ಅಲೈಡ್ ಐರಿಷ್ ಬ್ಯಾಂಕಿಗೆ ಹಾಹಿ ಸುಮಾರು 11.4 ಲಕ್ಷ ಪೌಂಡ್ ಕೊಡಬೇಕಿತ್ತು. ವರ್ಷಗಟ್ಟಲೆ ಬೆಳೆದ ಸಾಲ ಅದು. 1976ರಲ್ಲಿ ಬ್ಯಾಂಕಿನವರು ಚೆಕ್ ಪುಸ್ತಕ ವಾಪಸು ಕೊಡಿ ಅಂದಾಗ ಅವರು ಸಿಡಿದು, ನಾನು ತುಂಬಾ ತೊಂದರೆ ಕೊಡುವ ಎದುರಾಳಿ ಆಗಬಲ್ಲೆ ಅಂದರಂತೆ. ಇದು ಬ್ಯಾಂಕಿನದೇ ಟಿಪ್ಪಣಿಯಲ್ಲಿದೆ. ಬ್ಯಾಂಕ್ ಚೆಕ್ ಪಾಸು ಮಾಡುತ್ತಲೇ ಹೋಯಿತು. ಅವರು ಪ್ರಧಾನಿಯಾದ ಕೂಡಲೇ ಮಾತುಕತೆ ಮುಗಿಯಿತು. 7.5 ಲಕ್ಷಕ್ಕೆ ಲೆಕ್ಕ ಚುಕ್ತಾ, ಉಳಿದ ಸುಮಾರು 3.9 ಲಕ್ಷ ಬ್ಯಾಂಕ್ ಬಿಟ್ಟುಕೊಟ್ಟಿತು. ಆ ಏಳೂವರೆ ಲಕ್ಷವೂ ಅವರ ದುಡಿಮೆಯದಲ್ಲ. 3 ಲಕ್ಷ ಒಬ್ಬ ಕಟ್ಟಡ ಉದ್ಯಮಿ ಕೊಟ್ಟದ್ದು. ಮೂರು ವರ್ಷದ ಮೇಲೆ ಒಂದು ಸಂಜೆ ಪತ್ರಿಕೆ ಈ ಸಾಲದ ಸುದ್ದಿ ಬರೆಯಿತು. ಬ್ಯಾಂಕ್ ತಾನಾಗಿ ಹೇಳಿಕೆ ಕೊಟ್ಟು ಅದು ತಪ್ಪು ಅಂದಿತು. ಸುದ್ದಿ ಅಲ್ಲಿಗೇ ಸತ್ತಿತು. ಸುಳ್ಳು ಹೇಳಿದ್ದು ಬ್ಯಾಂಕ್, ಯಾವುದೋ ಕ್ಲಾರ್ಕ್ ಅಲ್ಲ. ಒಬ್ಬ ರೈತ 2 ಸಾವಿರ ಪೌಂಡ್ ಕಂತು ತಪ್ಪಿಸಿದ್ದರೆ ಅದೇ ಬ್ಯಾಂಕ್ ಏನು ಮಾಡುತ್ತಿತ್ತು, ನೀವೇ ಯೋಚಿಸಿ.

ಹಾಹಿಯ ಪ್ರಧಾನಿ ದಿನಗಳಲ್ಲಿ ಏರುಪೇರು ಬಹಳ. 1981ರ ಚುನಾವಣೆ ಸೋತರು. 1982ರ ಫೆಬ್ರವರಿಯಲ್ಲಿ ಗೆದ್ದರು, ಅದೇ ನವೆಂಬರ್‌ನಲ್ಲಿ ಮತ್ತೆ ಸೋತರು. ಒಟ್ಟು ಐದು ಮಹಾಚುನಾವಣೆಗೆ ಪಕ್ಷವನ್ನು ನಡೆಸಿದರು, ಒಂದರಲ್ಲೂ ಸ್ಪಷ್ಟ ಬಹುಮತ ಬರಲಿಲ್ಲ. ದೇಶ ಅವರ ವಿಷಯದಲ್ಲಿ ಎರಡು ಹೋಳಾಗಿತ್ತು. 1982ರ ಬೇಸಿಗೆಯಲ್ಲಿ ಪೊಲೀಸರು ಹುಡುಕುತ್ತಿದ್ದ ಕೊಲೆಗಾರನೊಬ್ಬ ಸರ್ಕಾರದ ಅಟಾರ್ನಿ ಜನರಲ್ ಫ್ಲ್ಯಾಟ್‌ನಲ್ಲೇ ಸಿಕ್ಕಿಬಿದ್ದ. ಅಟಾರ್ನಿ ಜನರಲ್‌ಗೆ ಅವನ ಕೃತ್ಯ ಗೊತ್ತಿರಲಿಲ್ಲ. ಆಗ ಹಾಹಿ ಆಡಿದ ನಾಲ್ಕು ವಿಶೇಷಣಗಳ ಮೊದಲಕ್ಷರ ಸೇರಿಸಿ ಕಾನರ್ ಕ್ರೂಸ್ ಒಬ್ರಾಯನ್ ಎಂಬ ಬರಹಗಾರರು ‘ಗೂಬೂ’ ಎಂಬ ಪದ ಕಟ್ಟಿದರು. ಆ ಕಾಲಕ್ಕೇ ಆ ಹೆಸರು ಅಂಟಿತು. ಪಕ್ಷದೊಳಗಿನವರೇ ಅವರನ್ನು ಇಳಿಸಲು ಮತ್ತೆ ಮತ್ತೆ ಎದ್ದರು. 1982ರ ಅಕ್ಟೋಬರ್‌ನಲ್ಲಿ 58ಕ್ಕೆ 22ರಲ್ಲಿ ಉಳಿದರು. 1983ರ ಫೆಬ್ರವರಿಯಲ್ಲಿ ಪತ್ರಿಕೆಗಳು ಅವರ ಕಥೆ ಮುಗಿಯಿತು ಅಂತಲೇ ಬರೆದಿದ್ದವು, 40ಕ್ಕೆ 33ರಲ್ಲಿ ಮತ್ತೆ ಉಳಿದರು. ವಿರೋಧಿಗಳ ಮೇಲೆ ಎಂಥ ಒತ್ತಡ ಇತ್ತು ಎಂದರೆ ಕೆಲವರು ಮನೆಗೆ ಹೋಗಲೂ ಹೆದರಿದ ದಿನಗಳವು. ಡೆಸ್ ಒಮಾಲಿ ಎಂಬ ಹಿರಿಯ ನಾಯಕ 1985ರಲ್ಲಿ ಗರ್ಭನಿರೋಧಕ ಕಾನೂನಿನ ಸಡಿಲಿಕೆಗೆ ಅಡ್ಡ ಬರಲು ಒಪ್ಪಲಿಲ್ಲ. ಅಷ್ಟಕ್ಕೇ ಅವರನ್ನು ಪಕ್ಷದಿಂದ ಹಾಕಿದರು. ಅವರು ಪ್ರೋಗ್ರೆಸಿವ್ ಡೆಮಾಕ್ರಾಟ್ಸ್ ಎಂಬ ಹೊಸ ಪಕ್ಷ ಕಟ್ಟಿದರು. ಈ ಹೆಸರು ನೆನಪಿಡಿ, ಮುಂದೆ ಬರುತ್ತದೆ.

1987. ಐರ್ಲೆಂಡಿನಲ್ಲಿ ನೂರಕ್ಕೆ 17 ಜನಕ್ಕೆ ಕೆಲಸವಿಲ್ಲ. ಹುಡುಗರು ಲಂಡನ್, ಬಾಸ್ಟನ್ ಅಂತ ಹೊರಟುಹೋಗುತ್ತಿದ್ದರು. ಫಿಯಾನ ಫಾಲ್ ಚುನಾವಣೆಯಲ್ಲಿ ದೊಡ್ಡ ಪೋಸ್ಟರ್ ಹಾಕಿತು, ಆಸ್ಪತ್ರೆ ಖರ್ಚಿಗೆ ಕತ್ತರಿ ಹಾಕಿದರೆ ಏಟು ಬೀಳುವುದು ಮುದುಕರಿಗೆ, ರೋಗಿಗಳಿಗೆ, ಅಂಗವಿಕಲರಿಗೆ ಅಂತ. ಗೆದ್ದು ಬಂದು, ಅದೂ ಸ್ಪೀಕರ್ ಅವರ ಒಂದು ಮತದಿಂದ ಪ್ರಧಾನಿಯಾಗಿ, ಅದೇ ಹಾಹಿ ಅದಕ್ಕಿಂತ ಜೋರಾಗಿ ಕತ್ತರಿ ಹಾಕಿದರು. ವಾರ್ಡ್‌ಗಳು ಮುಚ್ಚಿದವು. 1989ರ ಒಂದೇ ವರ್ಷದಲ್ಲಿ, 35 ಲಕ್ಷ ಜನರ ಆ ದೇಶ ವಲಸೆಯಲ್ಲಿ 40 ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಆ ಸರ್ಕಾರ ದೇಶದ ಲೆಕ್ಕವನ್ನು ಸರಿದಾರಿಗೆ ತಂದಿತು. ಕಾರ್ಮಿಕ ಸಂಘ, ಉದ್ಯಮಿ, ರೈತ ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಸಂಬಳದ ಬಗ್ಗೆ ಒಪ್ಪಂದ ಮಾಡಿಸಿದರು. ಕಸ್ಟಮ್ ಹೌಸ್ ಪಕ್ಕದ ಪಾಳು ಬಿದ್ದ ಹಡಗುಕಟ್ಟೆಯಲ್ಲಿ ಹಣಕಾಸು ಕೇಂದ್ರ ತಂದರು. ನಮ್ಮ ಕಡೆಯ ಎಷ್ಟೋ ಜನ ಇವತ್ತು ಕೆಲಸ ಮಾಡುವುದು ಅಲ್ಲೇ, ಅಲ್ವಾ? ಬಸ್ ನಿಲ್ದಾಣಕ್ಕಾಗಿ ಕೆಡವಬೇಕೆಂದಿದ್ದ ಟೆಂಪಲ್ ಬಾರ್ ಬೀದಿಗಳು ಉಳಿದದ್ದೂ ಆ ಕಾಲದಲ್ಲೇ. ಮೆರಿಯನ್ ಬೀದಿಯ ಸರ್ಕಾರಿ ಕಚೇರಿ ಕಟ್ಟಡವನ್ನು ಅವರು ಎಷ್ಟು ವೈಭವವಾಗಿ ಸರಿಮಾಡಿಸಿದರೆಂದರೆ, ಡಬ್ಲಿನ್ ಜನ ನಮ್ಮ ತಾಜ್‌ಮಹಲನ್ನು ನೆನೆದು ಅದನ್ನು ‘ಚಾಸ್ ಮಹಲ್’ ಅಂದರು. ಚಾಸ್ ಅಂದರೆ ಚಾರ್ಲ್ಸ್.

1989ರಲ್ಲಿ ಬಹುಮತಕ್ಕೆ ಆಸೆಪಟ್ಟು ಬೇಡದ ಚುನಾವಣೆ ಕರೆದು ಸೀಟು ಕಳೆದುಕೊಂಡರು. ಕೊನೆಗೆ ಹೊರಹಾಕಿದ ಅದೇ ಒಮಾಲಿಯ ಪಕ್ಷದ ಜೊತೆ ಸೇರಿ ಸರ್ಕಾರ ಮಾಡಬೇಕಾಯಿತು. ಫಿಯಾನ ಫಾಲ್ ಚರಿತ್ರೆಯಲ್ಲೇ ಅದು ಮೊದಲ ಮೈತ್ರಿ. ಅಲ್ಲಿಂದ ಅವರ ಜೀವ ಇನ್ನೊಬ್ಬರ ಕೈಯಲ್ಲಿ. 1990ರಲ್ಲಿ, ತಮ್ಮ ಹಳೆಯ ಗೆಳೆಯ, ಉಪಪ್ರಧಾನಿ ಬ್ರಯನ್ ಲೆನಿಹಾನ್ ರಾಷ್ಟ್ರಪತಿ ಚುನಾವಣೆಗೆ ನಿಂತು ಒಂದು ವಿವಾದದಲ್ಲಿ ಸಿಕ್ಕಿಕೊಂಡಾಗ, ಆ ಸಣ್ಣ ಪಕ್ಷ ಕೇಳಿತೆಂದು ಹಾಹಿ ಅವರನ್ನು ಮತದಾನಕ್ಕೆ ವಾರ ಇರುವಾಗ ಸಂಪುಟದಿಂದ ಕಿತ್ತುಹಾಕಿದರು. ಮೇರಿ ರಾಬಿನ್ಸನ್ ಗೆದ್ದರು.

ಕುರ್ಚಿ ಹೋದದ್ದು ಹೀಗೆ. 1982ರಲ್ಲಿ ಹಾಹಿಯ ಕಾನೂನು ಮಂತ್ರಿಯಾಗಿದ್ದವರು ಶಾನ್ ಡೊಹರ್ಟಿ. ಸಂಪುಟದ ಒಳಗಿನ ಸುದ್ದಿ ಹೊರಹೋಗುತ್ತಿದೆ ಅಂತ ಜೆರಲ್ಡೀನ್ ಕೆನಡಿ, ಬ್ರೂಸ್ ಆರ್ನಲ್ಡ್ ಎಂಬ ಇಬ್ಬರು ಪತ್ರಕರ್ತರ ಫೋನ್ ಕದ್ದು ಕೇಳಿಸಿದ್ದರು. 1983ರಲ್ಲಿ ಅದು ಬಯಲಾದಾಗ ತಪ್ಪನ್ನೆಲ್ಲ ಡೊಹರ್ಟಿ ಹೊತ್ತರು, ನನಗೇನೂ ಗೊತ್ತಿಲ್ಲ ಎಂದು ಹಾಹಿ ಹೇಳಿದರು. ಒಂಬತ್ತು ವರ್ಷ ಡೊಹರ್ಟಿ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡರು. 1992ರ ಜನವರಿಯಲ್ಲಿ ಒಂದು ತಡರಾತ್ರಿ ಟಿವಿ ಕಾರ್ಯಕ್ರಮದಲ್ಲಿ ಸುಳಿವು ಕೊಟ್ಟರು. ಕೆಲವು ದಿನ ಕಳೆದು ಪತ್ರಕರ್ತರನ್ನು ಕರೆದು, ಆ ಫೋನ್ ಮಾತುಗಳನ್ನು ಬರೆದಿದ್ದ ಕಾಗದ ನಾನೇ ಹಾಹಿಯ ಕೈಗೆ ಕೊಟ್ಟಿದ್ದೆ ಅಂದರು. ಹಾಹಿ ಅಲ್ಲಗಳೆದರು. ಮೈತ್ರಿ ಪಕ್ಷ ಇನ್ನು ಸಾಧ್ಯವಿಲ್ಲ ಅಂದಿತು. ಫೆಬ್ರವರಿ 11ರಂದು ಹಾಹಿ ಡಾಲ್‌ನಲ್ಲಿ ಶೇಕ್ಸ್‌ಪಿಯರ್‌ನ ಒಥೆಲೊ ಮಾತನ್ನು ಹೇಳಿ ಕೆಳಗಿಳಿದರು: ‘ನಾನು ರಾಜ್ಯಕ್ಕೆ ಒಂದಿಷ್ಟು ಸೇವೆ ಮಾಡಿದ್ದೇನೆ, ಅದು ಅವರಿಗೆ ಗೊತ್ತು. ಅದರ ಮಾತು ಸಾಕು.’

ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಮುಗಿಯಲಿಲ್ಲ, ಅದಕ್ಕೆ ಕಾರಣ ಬೇರೆ ಯಾರದೋ ಮನೆಯ ಜಗಳ. ನೀವು ತರಕಾರಿ ತರುವ ಡನ್ಸ್ ಅಂಗಡಿ ಇದೆಯಲ್ಲ, ಅದರ ಮಾಲೀಕ ಮನೆತನದ ಬೆನ್ ಡನ್ ಆ ಫೆಬ್ರವರಿಯಲ್ಲೇ ಫ್ಲಾರಿಡಾದ ಹೋಟೆಲೊಂದರಲ್ಲಿ ಕೊಕೇನ್ ಸಮೇತ ಸಿಕ್ಕಿಬಿದ್ದರು. ಅಕ್ಕ, ತಮ್ಮಂದಿರಿಗೆ ಆಸ್ತಿ ವಿಷಯದಲ್ಲಿ ಜಗಳ ಬಿತ್ತು. ಕಂಪನಿಯ ಲೆಕ್ಕಪತ್ರ ಕೆದಕಿದಾಗ ರಾಜಕಾರಣಿಗಳಿಗೆ ಹೋದ ಹಣದ ಜಾಡು ಸಿಕ್ಕಿತು. 1997ರಲ್ಲಿ ನ್ಯಾಯಮೂರ್ತಿ ಮೆಕ್ರ್ಯಾಕನ್ ಅವರ ವಿಚಾರಣಾ ಆಯೋಗ ಕೂತಿತು.

ದುಡ್ಡಿನ ಯಂತ್ರ ಹೇಗೆ ಓಡುತ್ತಿತ್ತು ಎಂಬುದು ಆಗ ತಿಳಿಯಿತು. ಡೆಸ್ ಟ್ರೇನರ್ ಎಂಬ ಅಕೌಂಟೆಂಟ್, ಹಾಹಿಯ ಹಳೆಯ ಸಂಸ್ಥೆಯಲ್ಲಿ ಕೆಲಸ ಕಲಿತವರು, ಹಾಹಿಯ ಹಣದ ಪೂರ್ತಿ ಹೊಣೆ ಹೊತ್ತಿದ್ದರು. ಮನೆಯ ಬಿಲ್ಲುಗಳೆಲ್ಲ ಅಕೌಂಟೆಂಟ್ ಕಚೇರಿಗೆ ಹೋಗುತ್ತಿದ್ದವು, ಅಲ್ಲೇ ಪಾವತಿ. ಹಣ ಕೇಮನ್ ದ್ವೀಪದ ಬ್ಯಾಂಕಿನ ಹೆಸರಿನಲ್ಲಿ ಇರುತ್ತಿತ್ತು, ಆದರೆ ಇದ್ದದ್ದು ಡಬ್ಲಿನ್‌ನ ಬ್ಯಾಂಕಿನಲ್ಲೇ, ಯಾರದ್ದು ಎಷ್ಟು ಎಂಬ ಗುಟ್ಟಿನ ಲೆಕ್ಕ ಟ್ರೇನರ್ ಹತ್ತಿರ. ದುಡ್ಡು ಖಾಲಿಯಾದಾಗ ಟ್ರೇನರ್ ಉದ್ಯಮಿಗಳ ಬಳಿ ಹೋಗುತ್ತಿದ್ದರು. 1987ರಲ್ಲಿ ಆರೇಳು ಜನರಿಂದ ತಲಾ ಒಂದೂವರೆ ಲಕ್ಷ ಪೌಂಡ್ ಎತ್ತುವ ಯೋಚನೆ ಇತ್ತು. ಬೆನ್ ಡನ್ ಬೇಡ ಅಂದರು. ಕ್ರಿಸ್ತ ಹನ್ನೆರಡು ಜನ ಶಿಷ್ಯರನ್ನು ಆರಿಸಿದ, ಅವರಲ್ಲೊಬ್ಬ ಅವನನ್ನು ಶಿಲುಬೆಗೇರಿಸಿದ, ಅಷ್ಟು ಜನ ಸೇರಿದರೆ ಗುಟ್ಟು ಉಳಿಯುವುದಿಲ್ಲ, ನಾನೊಬ್ಬನೇ ಕೊಡುತ್ತೇನೆ ಎನ್ನುವುದು ಅವರ ಮಾತಿನ ಸಾರ. 1991ರಲ್ಲಿ ಒಂದು ದಿನ ಗಾಲ್ಫ್ ಆಡಿ ಬರುವಾಗ ಆ್ಯಬಿವಿಲ್‌ಗೆ ಹೋಗಿ, ತಲಾ 70 ಸಾವಿರದ ಮೂರು ಬ್ಯಾಂಕ್ ಡ್ರಾಫ್ಟ್ ಕೈಗಿಟ್ಟರು. ‘ಥ್ಯಾಂಕ್ ಯೂ, ಬಿಗ್ ಫೆಲಾ’ ಅಂದರಂತೆ ಹಾಹಿ.

ಹಾಹಿ ಮೊದಲು ಆಯೋಗದೆದುರು ಇದೆಲ್ಲ ಸುಳ್ಳು ಎಂದರು. ಕಾಗದಗಳು ಒಂದೊಂದಾಗಿ ಮೇಲೆ ಬಂದಾಗ, 1997ರ ಜುಲೈ 15ರಂದು, ಡಬ್ಲಿನ್ ಕಾಸಲ್‌ನಲ್ಲಿ ಸಾಕ್ಷಿ ಕುರ್ಚಿಯಲ್ಲಿ ಕೂತು 13 ಲಕ್ಷ ಪೌಂಡ್ ಬಂದದ್ದು ನಿಜ ಎಂದು ಒಪ್ಪಿದರು. ಹಣದ ವಿಷಯವೆಲ್ಲ ಟ್ರೇನರ್ ನೋಡಿಕೊಳ್ಳುತ್ತಿದ್ದರು, ನನಗೆ ಅದರ ಕಡೆ ಗಮನ ಇರಲಿಲ್ಲ ಎಂದರು. ಟ್ರೇನರ್ 1994ರಲ್ಲೇ ತೀರಿಕೊಂಡಿದ್ದರು. ಹೊರಗೆ ಬಂದಾಗ ಜನ ಕೂಗಿ ಹೀಯಾಳಿಸಿದರು. 72ರ ಹತ್ತಿರದ ಮುದುಕ.

ನ್ಯಾಯಮೂರ್ತಿ ಮೋರಿಯಾರ್ಟಿ ಅವರ ಎರಡನೇ ಆಯೋಗ ಒಂಬತ್ತು ವರ್ಷ ಅಗೆಯಿತು. 2006ರ ಡಿಸೆಂಬರ್‌ನಲ್ಲಿ ಬಂದ ವರದಿಯ ಪ್ರಕಾರ 1979ರಿಂದ 1996ರ ತನಕ ಹಾಹಿಗೆ ಬಂದ ಹಣ ಸುಮಾರು 91 ಲಕ್ಷ ಪೌಂಡ್. ಪಕ್ಷದ ನಾಯಕನಿಗೆ ಸರ್ಕಾರ ಕೊಡುವ ಭತ್ಯೆಯಿಂದ ಪ್ಯಾರಿಸ್‌ನ ಶಾರ್ವೆ ಅಂಗಡಿಯ ಶರ್ಟುಗಳು, ದುಬಾರಿ ಹೋಟೆಲಿನ ಊಟ. ಇದನ್ನೆಲ್ಲ ನಾನು ಓದಿ ದಾಟಿಬಿಡಬಲ್ಲೆ. ದಾಟಲಾಗದ್ದು ಒಂದಿದೆ. ಬ್ರಯನ್ ಲೆನಿಹಾನ್ ಅವರಿಗೆ 1989ರಲ್ಲಿ ಯಕೃತ್ತಿನ ಕಸಿ ಆಗಬೇಕಿತ್ತು, ಅಮೆರಿಕದ ಮೇಯೋ ಕ್ಲಿನಿಕ್‌ಗೆ ಹೋದರು. ಗೆಳೆಯನ ಜೀವ ಉಳಿಸಬೇಕು ಅಂತ ಹಾಹಿಯೇ ಹಣ ಸಂಗ್ರಹಿಸಿದರು. ಜನ ಲೆನಿಹಾನ್ ಮೇಲಿನ ಪ್ರೀತಿಯಿಂದ ಧಾರಾಳವಾಗಿ ಕೊಟ್ಟರು. ಆ ಹಣದಲ್ಲಿ ದೊಡ್ಡ ಪಾಲನ್ನು ಹಾಹಿ ತಮ್ಮ ಖರ್ಚಿಗೆ ತಿರುಗಿಸಿಕೊಂಡರು ಎಂದು ಆಯೋಗ ಹೇಳಿತು. ಲೆನಿಹಾನ್ ಇದನ್ನು ತಿಳಿಯದೆಯೇ 1995ರಲ್ಲಿ ತೀರಿಕೊಂಡರು. ಹಾಹಿಯ ಒಳ್ಳೆಯ ಕೆಲಸಗಳನ್ನು ಮೇಲೆ ಇಷ್ಟುದ್ದ ಬರೆದಿದ್ದೇನೆ, ಅವು ನಿಜ. ಇದಕ್ಕೆ ಮಾತ್ರ ನನ್ನ ಬಳಿ ಯಾವ ಸಮಾಧಾನವೂ ಇಲ್ಲ.

ಜೈಲಿಗೆ ಹೋದರಾ ಅಂತ ಕೇಳಬಹುದು. ಇಲ್ಲ. ಆಯೋಗಕ್ಕೆ ಅಡ್ಡಿ ಮಾಡಿದ ಆರೋಪದ ಮೇಲೆ ಮೊಕದ್ದಮೆ ಹೂಡಿದ್ದರು. 2000ದಲ್ಲಿ ಉಪಪ್ರಧಾನಿ ಮೇರಿ ಹಾರ್ನಿ ಸಂದರ್ಶನವೊಂದರಲ್ಲಿ ಹಾಹಿ ಜೈಲಿಗೆ ಹೋಗಬೇಕು ಅಂದುಬಿಟ್ಟರು. ಇನ್ನು ನ್ಯಾಯವಾದ ಜ್ಯೂರಿ ಸಿಗುವುದು ಕಷ್ಟ ಎಂದು ನ್ಯಾಯಾಧೀಶರು ವಿಚಾರಣೆಯನ್ನು ಮುಂದೂಡಿದರು. ಅದು ಮತ್ತೆ ಶುರುವಾಗಲೇ ಇಲ್ಲ. ತೆರಿಗೆ ಇಲಾಖೆಗೆ ಮೊದಲು ಸುಮಾರು 10 ಲಕ್ಷ ಪೌಂಡ್, 2003ರಲ್ಲಿ ಮತ್ತೆ 50 ಲಕ್ಷ ಯೂರೊ ಕಟ್ಟಲು ಒಪ್ಪಿದರು. ಆ್ಯಬಿವಿಲ್ ಅನ್ನು ಮನೆ ಕಟ್ಟುವ ಕಂಪನಿಗೆ ಸುಮಾರು 4.5 ಕೋಟಿ ಯೂರೊಗೆ ಮಾರಿ, ಬದುಕಿರುವ ತನಕ ಅಲ್ಲೇ ಇರುವ ಕರಾರು ಮಾಡಿಕೊಂಡರು. 2006ರ ಜೂನ್ 13ರಂದು ತೀರಿಕೊಂಡರು, ಮೋರಿಯಾರ್ಟಿ ವರದಿ ಬರುವುದಕ್ಕೆ ಆರು ತಿಂಗಳು ಮುಂಚೆ. ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಯಿತು, ಡಾನಿಕಾರ್ನಿಯ ಚರ್ಚಿನಲ್ಲೇ. ಹತ್ತಾರು ಸಾವಿರ ಜನ ಬರಬಹುದು ಅಂತ ತಯಾರಿ ಇತ್ತು, ಅಷ್ಟು ಜನ ಬರಲಿಲ್ಲ. ಬಂದವರಲ್ಲಿ ಬಸ್ ಪಾಸ್ ಹಿಡಿದು ಬಂದ ಅಜ್ಜಿಯರು ಇದ್ದೇ ಇರುತ್ತಾರೆ.

ನಿಮ್ಮ ಸಹೋದ್ಯೋಗಿಗೆ 60ರ ಹತ್ತಿರ ಅಂದಿರಿ. ಅಂದರೆ 1987ರಲ್ಲಿ ಅವರು ಇಪ್ಪತ್ತರ ಆಚೆ ಈಚೆ. ಕೈ ಬಿಗಿ ಹಿಡಿಯಿರಿ ಎಂಬ ಮಾತು ಕೇಳಿಕೊಂಡೇ ದೊಡ್ಡವರಾದವರು. ಅವರ ಸಿಟ್ಟನ್ನು ಕೆದಕುವುದು ಬೇಡ. ಒಂದು ಕಾಫಿ ಕೊಡಿಸಿ, ನೀವು ಯಾವ ವರ್ಷ ಊರು ಬಿಟ್ಟು ಹೋಗಿದ್ದಿರಿ, ವಾಪಸು ಬಂದದ್ದು ಯಾವಾಗ ಅಂತ ಮೆಲ್ಲಗೆ ಕೇಳಿ ನೋಡಿ.